ನಾವೇ ಕಟ್ಟಿದ ವಿಮಾನದ ಮೊದಲ ಹಾರಾಟ: ರೆಕ್ಕೆಗಿಂತ ಮೊದಲು ಪೆಟ್ರೋಲ್ ನೋಡಿ

ಪ್ರಶ್ನೆ: ಕಿಟ್ ತರಿಸಿಕೊಂಡು ಎರಡು ಸೀಟಿನ ಲೋಹದ ವಿಮಾನವೊಂದನ್ನು ಕೆಲವು ವರ್ಷಗಳಿಂದ ಕಟ್ಟುತ್ತಿದ್ದೇನೆ. ಮೂಗಿನ ಕೆಳಗೆ ಒಂದು ಚಕ್ರ, ರೆಕ್ಕೆಯ ಕೆಳಗೆ ಎರಡು. ಎಂಜಿನ್ ಹೊಸದು. ಪೇಂಟ್ ಕೂಡ ಮುಗಿದಿದೆ. ಪೈಲಟ್ ಲೈಸೆನ್ಸ್ ಇದೆ, ಆದರೆ ಕಟ್ಟುವ ಕೆಲಸದಲ್ಲಿ ಮುಳುಗಿ ಎರಡು ವರ್ಷದಿಂದ ಹಾರಿಸಿದ್ದು ತುಂಬಾ ಕಡಿಮೆ. ರೆಕ್ಕೆಯ ಜೋಡಣೆ ತಡೆಯುತ್ತದೋ ಇಲ್ಲವೋ ಅನ್ನೋದೇ ನನ್ನ ಭಯ. ಮೊದಲು ರನ್‌ವೇ ಮೇಲೆ ಜೋರಾಗಿ ಓಡಿಸಿ, ಒಂದೆರಡು ಅಡಿ ಎತ್ತಿ, ಹಾಗೇ ಇಳಿಸಿ ನೋಡು ಅಂತ ಗೆಳೆಯರು ಹೇಳುತ್ತಾರೆ. ಅದು ಸರಿಯಾ? ಮೊದಲ ಹಾರಾಟಕ್ಕೆ ಹೇಗೆ ತಯಾರಾಗಬೇಕು? ನನ್ನ ತಮ್ಮನನ್ನು ಯಾವಾಗ ಕೂರಿಸಿಕೊಳ್ಳಬಹುದು?

ಉತ್ತರ: ಗೆಳೆಯರ ಸಲಹೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಅದೇ. ದಯವಿಟ್ಟು ಹಾಗೆ ಮಾಡಬೇಡಿ.

ಒಂದೆರಡು ಅಡಿ ಎತ್ತಿ ಇಳಿಸುವುದು ಪೂರ್ತಿ ಹಾರಾಟಕ್ಕಿಂತ ಸುಲಭ ಅನಿಸುತ್ತದೆ. ಅದು ಸುಲಭವಲ್ಲ. ನೆಲಕ್ಕೆ ಹತ್ತಿರ ಇರುವಾಗ ರೆಕ್ಕೆಗೆ ಗಾಳಿಯ ಆಸರೆ ಸ್ವಲ್ಪ ಜಾಸ್ತಿ ಸಿಗುತ್ತದೆ. ಹಾಗಾಗಿ ನಿಜವಾಗಿ ಮೇಲೇರಲು ಸಾಲದ ವೇಗದಲ್ಲೂ ವಿಮಾನ ನೆಲ ಬಿಡುತ್ತದೆ. ಆಗ ನೀವು ಕೂತಿರುವುದು ಎಂದೂ ಹಾರಿಸದ ವಿಮಾನದಲ್ಲಿ, ಸ್ಟಾಲ್ ಆಗುವ, ಅಂದರೆ ವೇಗ ಸಾಲದೆ ರೆಕ್ಕೆ ಆಸರೆ ಕಳೆದುಕೊಳ್ಳುವ, ಅಂಚಿನಲ್ಲಿ. ಥ್ರಾಟಲ್ ಎಳೆದು ಎಂಜಿನ್ ಶಕ್ತಿ ಇಳಿಸಿದ ಕೂಡಲೇ ಮೂಗು ಎಷ್ಟು ಬಗ್ಗುತ್ತದೆ ಅನ್ನೋದು ನಿಮಗೆ ಗೊತ್ತಿಲ್ಲ. ಮುಂದೆ ರನ್‌ವೇ ಮುಗಿಯುತ್ತಾ ಬಂದಿರುತ್ತದೆ. ಇಳಿಸಬೇಕೋ ಏರಿಸಬೇಕೋ ಅಂತ ಎರಡು ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು. ಹಾರಾಟದ ಅತಿ ಕಷ್ಟದ ಎರಡು ಭಾಗಗಳನ್ನು, ಅಂದರೆ ಏರುವುದನ್ನೂ ಇಳಿಯುವುದನ್ನೂ, ನಡುವೆ ಉಸಿರಾಡಲು ಜಾಗವೇ ಇಲ್ಲದಂತೆ ಒಟ್ಟಿಗೆ ಮಾಡಿದ ಹಾಗೆ ಅದು. ವಿಮಾನ ಹಾರಲು ತಯಾರಾಗಿದ್ದರೆ ಪೂರ್ತಿ ಹಾರಿ. ತಯಾರಾಗಿಲ್ಲ ಅಂದರೆ ಚಕ್ರ ನೆಲ ಬಿಡಬಾರದು.

ನೆಲದ ಮೇಲೆ ಓಡಿಸುವುದೇ ಬೇಡ ಅಂತಲ್ಲ. ನಡಿಗೆಯ ವೇಗದಲ್ಲಿ ಟ್ಯಾಕ್ಸಿ ಮಾಡಿ. ಎರಡೂ ಬ್ರೇಕ್ ಸಮನಾಗಿ ಹಿಡಿಯುತ್ತವಾ, ಮೂಗಿನ ಚಕ್ರ ಎಲ್ಲಾದರೂ ನಡುಗುತ್ತದಾ, ರೇಡಿಯೋ ಸ್ಪಷ್ಟವಾಗಿ ಕೇಳುತ್ತದಾ ನೋಡಿ. ಆಮೇಲೆ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಭಾಗವಾದ ರಡ್ಡರ್‌ಗೆ ಗಾಳಿ ಸಿಕ್ಕಿ ಅದು ಮಾತು ಕೇಳುವ ವೇಗದವರೆಗೆ, ಆದರೆ ಸ್ಟಾಲ್ ವೇಗಕ್ಕಿಂತ ಸಾಕಷ್ಟು ಕೆಳಗೆ, ಒಂದೆರಡು ಸಲ ಓಡಿಸಿದರೆ ಸಾಕು. ಪ್ರತಿ ಓಟದ ನಂತರ ಬ್ರೇಕ್ ಆರಲು ಬಿಡಿ. ನಿಮ್ಮದು ಹೊಸ ಎಂಜಿನ್ ಆಗಿರುವುದರಿಂದ ಇದರಲ್ಲಿ ಇನ್ನೊಂದು ತೊಂದರೆಯಿದೆ. ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಸರಿಯಾಗಿ ಹೊಂದಿಕೊಳ್ಳಲು ಜಾಸ್ತಿ ಶಕ್ತಿಯಲ್ಲಿ, ಒಳ್ಳೆಯ ಗಾಳಿಯ ತಂಪಿನಲ್ಲಿ ಓಡಬೇಕು. ನೆಲದ ಮೇಲೆ ನಿಧಾನಕ್ಕೆ ಗಂಟೆಗಟ್ಟಲೆ ಓಡಿಸಿದರೆ ಸಿಲಿಂಡರ್ ಗೋಡೆ ನುಣುಪಾಗಿ ಗಾಜಿನಂತಾಗಿ, ರಿಂಗ್ ಎಂದೂ ಸರಿಯಾಗಿ ಕೂರುವುದಿಲ್ಲ. ಎಂಜಿನ್ ಆಮೇಲೆ ಆಯಿಲ್ ಕುಡಿಯಲು ಶುರು ಮಾಡುತ್ತದೆ. ಹಾಗಾಗಿ ಎಂಜಿನ್ ತಯಾರಕರ ಕೈಪಿಡಿಯಲ್ಲಿ ಎಷ್ಟು ಹೊತ್ತು ಅಂತ ಇದೆಯೋ ಅಷ್ಟೇ.

ಈಗ ನಿಮ್ಮ ಭಯದ ವಿಷಯ. ಕಟ್ಟಿದವರೆಲ್ಲ ರೆಕ್ಕೆಗೇ ಹೆದರುತ್ತಾರೆ. ಪ್ರತಿ ರಿವೆಟ್ಟೂ ತಮ್ಮ ಕೈಯಿಂದಲೇ ಹೋಗಿದ್ದು, ಅಲ್ವಾ? ಆದರೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, 2012ರಲ್ಲಿ ಇಂಥ ವಿಮಾನಗಳ ಅಪಘಾತಗಳನ್ನು ಅಧ್ಯಯನ ಮಾಡಿ ಕಂಡದ್ದು ಬೇರೆ. ಎಂಜಿನ್ ಶಕ್ತಿ ಕಳೆದುಕೊಳ್ಳುವುದು, ಹಾರುವಾಗ ಪೈಲಟ್ ಹಿಡಿತ ತಪ್ಪುವುದು, ಇವೆರಡೇ ಮುಖ್ಯ ಕಾರಣಗಳು. ವಿಮಾನದ ಮೈ ಮುರಿದು ಬೀಳುವುದು ಅಪರೂಪ. ಹಾಗಾಗಿ ಉಳಿದ ವಾರಗಳಲ್ಲಿ ನಿಮ್ಮ ಗಮನ ಎರಡರ ಮೇಲೆ ಇರಲಿ: ಎಂಜಿನ್‌ಗೆ ಪೆಟ್ರೋಲ್ ತಪ್ಪದೆ ತಲುಪುವುದು, ಮತ್ತು ನಿಮ್ಮ ಕೈ.

ಪೆಟ್ರೋಲ್ ಪರೀಕ್ಷೆಯನ್ನು ಬಿಡಿಸಿ ಹೇಳುತ್ತೇನೆ. ಇದನ್ನು ಬಿಟ್ಟು ಹಾರಿದವರು ಬಹಳ. ಎಂಜಿನ್ ಪೂರ್ತಿ ಶಕ್ತಿಯಲ್ಲಿ ಗಂಟೆಗೆ 36 ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ನಿಮಿಷಕ್ಕೆ 600 ಮಿಲಿಲೀಟರ್ ಆಯಿತು. ಟ್ಯಾಂಕಿನಿಂದ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಬರುವಂತಿದ್ದರೆ ಅದರ ಒಂದೂವರೆ ಪಟ್ಟು, ಅಂದರೆ 900 ಮಿಲಿಲೀಟರ್ ಬರಬೇಕು. ಪಂಪ್ ಇದ್ದರೆ 125 ಶೇಕಡಾ, ಅಂದರೆ 750. ಇದನ್ನು ವಿಮಾನ ಸಮತಟ್ಟಾಗಿ ನಿಂತಾಗ ಅಳೆದರೆ ಪ್ರಯೋಜನವಿಲ್ಲ. ಏರುವಾಗ ಮೂಗು ಮೇಲಿರುತ್ತದೆ, ಕಾರ್ಬುರೇಟರ್ ಟ್ಯಾಂಕಿಗೆ ಹೋಲಿಸಿದರೆ ಮೇಲಕ್ಕೆ ಹೋಗಿರುತ್ತದೆ, ಪೆಟ್ರೋಲ್‌ಗೆ ಇಳಿಜಾರು ಕಡಿಮೆಯಾಗುತ್ತದೆ. ಹಾಗಾಗಿ ಮೂಗಿನ ಚಕ್ರವನ್ನು ಇಳಿಜಾರು ಹಲಗೆ ಹತ್ತಿಸಿ. ಕಡಿದಾಗಿ ಏರುವಾಗ ಇರುವ ಕೋನಕ್ಕಿಂತ ಸ್ವಲ್ಪ ಜಾಸ್ತಿಯೇ ಎತ್ತಿ, ಚಕ್ರಗಳಿಗೆ ತಡೆ ಕೊಟ್ಟು ಭದ್ರ ಮಾಡಿ. ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಇರಲಿ. ಕಾರ್ಬುರೇಟರ್ ಹತ್ತಿರ ಪೈಪ್ ಬಿಚ್ಚಿ, ಅಳತೆ ಗೆರೆ ಇರುವ ಡಬ್ಬಕ್ಕೆ ಬಿಡಿ. ಒಬ್ಬರು ಗಡಿಯಾರ ನೋಡಲಿ. ಬಯಲಲ್ಲೇ ಮಾಡಿ, ವಿಮಾನ ಮತ್ತು ಡಬ್ಬ ಎರಡನ್ನೂ ತಂತಿಯಿಂದ ನೆಲಕ್ಕೆ ಜೋಡಿಸಿ, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಇನ್ನೊಬ್ಬರು ಪಕ್ಕದಲ್ಲೇ ನಿಂತಿರಲಿ.

ಒಂದು ನಿಮಿಷ ನೋಡಿ ನಿಲ್ಲಿಸಬೇಡಿ. ಮೊದಲ ನಿಮಿಷ 900 ಬಂದು, ಐದನೇ ನಿಮಿಷ 500ಕ್ಕೆ ಇಳಿದರೆ ಟ್ಯಾಂಕಿನ ಗಾಳಿ ಕಿಂಡಿ ಕಟ್ಟಿಕೊಂಡಿದೆ ಅಥವಾ ಫಿಲ್ಟರ್ ತುಂಬುತ್ತಿದೆ ಅಂತ ಅರ್ಥ. ಪ್ರತಿ ಟ್ಯಾಂಕಿಗೂ ಬೇರೆ ಬೇರೆ ಪರೀಕ್ಷೆ ಮಾಡಿ. ಹರಿವು ನಿಂತ ಮೇಲೂ ಟ್ಯಾಂಕಿನಲ್ಲಿ ಉಳಿದಿರುತ್ತದಲ್ಲ, ಅದು ಏರುವಾಗ ನಿಮಗೆ ಸಿಗದ ಪೆಟ್ರೋಲ್. ಅದನ್ನು ಅಳೆದು ಬರೆದಿಡಿ. ಕೊನೆಗೆ ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕೊಡವಿ. ಹೊಸ ಟ್ಯಾಂಕಿನಿಂದ ಅಲ್ಯೂಮಿನಿಯಂ ಚೂರು, ಸೀಲ್ ಹಚ್ಚಿದ ಅಂಟಿನ ಪುಡಿ ಬಂದೇ ಬರುತ್ತದೆ. ಬಟ್ಟೆ ಸ್ವಚ್ಛವಾಗಿ ಉಳಿಯುವವರೆಗೆ ತೊಳೆದು, ಹರಿಸಿ, ಮತ್ತೆ ನೋಡಿ. ಮತ್ತೆ ತುಂಬಿಸುವಾಗ ವಿಮಾನವನ್ನು ಸಮತಟ್ಟಾಗಿ ನಿಲ್ಲಿಸಿ ಐದೈದು ಲೀಟರ್ ಹಾಕುತ್ತಾ ಗೇಜ್ ಎಲ್ಲಿಗೆ ಬಂತು ಅಂತ ಗುರುತು ಹಾಕಿಕೊಳ್ಳಿ.

ಪೆಟ್ರೋಲ್ ಕವಾಟದ ಹಿಡಿ ಎಲ್ಲಿದೆ ಅನ್ನೋದೂ ಇಷ್ಟೇ ಮುಖ್ಯ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ತೀರಿಕೊಂಡದ್ದು ಬೇರೊಬ್ಬರು ಕಟ್ಟಿದ್ದ ಲಾಂಗ್-ಈಝಿ ವಿಮಾನದಲ್ಲಿ. ಅದರ ಪೆಟ್ರೋಲ್ ಹಿಡಿ ಪೈಲಟ್‌ನ ಎಡ ಭುಜದ ಹಿಂದೆ ಇತ್ತು, ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕ್ ಅಂತ ಗುರುತೂ ಇರಲಿಲ್ಲ. ಹಿಡಿ ತಿರುಗಿಸಲು ಹಿಂದಕ್ಕೆ ಹೊರಳುವಾಗ ಕಾಲು ರಡ್ಡರ್ ಪೆಡಲ್ ಒತ್ತಿ ಹಿಡಿತ ತಪ್ಪಿತು ಅಂತ ತನಿಖೆ ಹೇಳಿತು. ಆ ವಿಮಾನಕ್ಕೆ ಹೊಂದಿಕೊಳ್ಳುವ ತರಬೇತಿ ಸಾಲದೇ ಇದ್ದದ್ದನ್ನೂ ಕಾರಣಗಳಲ್ಲಿ ಸೇರಿಸಿತು. ನೀವು ಬೆಲ್ಟ್ ಬಿಗಿದುಕೊಂಡು ಕೂತು, ಕಣ್ಣು ಮುಚ್ಚಿ, ಪೆಟ್ರೋಲ್ ಹಿಡಿ, ಪಂಪ್ ಸ್ವಿಚ್, ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋದ ಸ್ವಿಚ್, ಬಾಗಿಲಿನ ಚಿಲಕ ಎಲ್ಲವನ್ನೂ ಒಂದೊಂದಾಗಿ ಮುಟ್ಟಿ. ಯಾವುದಕ್ಕಾದರೂ ಭುಜ ತಿರುಗಿಸಬೇಕಾದರೆ ಅದರ ಜಾಗ ಬದಲಿಸಿ. ತಡವಾದರೂ ಪರವಾಗಿಲ್ಲ.

ಇನ್ನು ತೂಕ. ಕಿಟ್ ಕಂಪನಿಯ ಕಾಗದದಲ್ಲಿರುವ ಅಂಕಿ ಬಳಸಬೇಡಿ, ಅದು ಅವರ ವಿಮಾನದ್ದು. ಪೇಂಟ್ ಆದ ಮೇಲೆ ನಿಮ್ಮದನ್ನು ಮೂರು ತಕ್ಕಡಿಯ ಮೇಲೆ ಸಮತಟ್ಟಾಗಿ ನಿಲ್ಲಿಸಿ ತೂಗಿ. ಒಂದು ಉದಾಹರಣೆ ಕೊಡುತ್ತೇನೆ. ಮೂಗಿನ ಚಕ್ರದ ಮೇಲೆ 90 ಕೆಜಿ, ಅಳತೆಯ ಮೂಲ ಗೆರೆಯಿಂದ 50 ಸೆಂ.ಮೀ. ದೂರ. ಹಿಂದಿನ ಎರಡು ಚಕ್ರಗಳ ಮೇಲೆ ಒಟ್ಟು 320 ಕೆಜಿ, 200 ಸೆಂ.ಮೀ. ದೂರ. ಗುಣಿಸಿ ಕೂಡಿದರೆ 68,500. ಒಟ್ಟು ತೂಕ 410ರಿಂದ ಭಾಗಿಸಿದರೆ ಖಾಲಿ ವಿಮಾನದ ಗುರುತ್ವ ಕೇಂದ್ರ 167 ಸೆಂ.ಮೀ. ಹತ್ತಿರ ಬರುತ್ತದೆ. ಇದಕ್ಕೆ 190 ಸೆಂ.ಮೀ.ನಲ್ಲಿ ಕೂರುವ 80 ಕೆಜಿ ಪೈಲಟ್, 180 ಸೆಂ.ಮೀ.ನಲ್ಲಿರುವ 60 ಲೀಟರ್ ಪೆಟ್ರೋಲ್ ಸೇರಿಸಿ. ವಿಮಾನದ ಪೆಟ್ರೋಲ್ ಲೀಟರ್‌ಗೆ ಸುಮಾರು 0.72 ಕೆಜಿ, ಹಾಗಾಗಿ 43.2 ಕೆಜಿ. ಈಗ ಕೇಂದ್ರ 171.6ಕ್ಕೆ ಸರಿಯಿತು. ವಿನ್ಯಾಸಕಾರರು ಕೊಟ್ಟ ಮಿತಿ 166ರಿಂದ 180 ಆಗಿದ್ದರೆ ಇದು ಮುಂದಿನ ಅರ್ಧದಲ್ಲಿದೆ. ಮೊದಲ ಹಾರಾಟಕ್ಕೆ ಬೇಕಾದದ್ದು ಅದೇ. ಕೇಂದ್ರ ಹಿಂದಕ್ಕೆ ಹೋದಷ್ಟೂ ಮೂಗನ್ನು ಏರಿಸಿ ಇಳಿಸುವ ಎಲಿವೇಟರ್ ಹಗುರವಾಗಿ ವಿಮಾನ ಚಂಚಲವಾಗುತ್ತದೆ, ಸ್ಟಾಲ್‌ನಿಂದ ಹೊರಗೆ ಬರುವುದೂ ಕಷ್ಟವಾಗುತ್ತದೆ. ಪೆಟ್ರೋಲ್ ಖಾಲಿಯಾಗುತ್ತಾ ಹೋದಂತೆ ಕೇಂದ್ರ ಎತ್ತ ಸರಿಯುತ್ತದೆ ಅಂತಲೂ ಲೆಕ್ಕ ಹಾಕಿ ನೋಡಿ.

ಪೇಂಟ್ ಮಾತು ಬಂದಿದ್ದರಿಂದ ಒಂದು ಪ್ರಶ್ನೆ ಕೇಳುತ್ತೇನೆ. ವಿಮಾನವನ್ನು ಎಡಬಲಕ್ಕೆ ವಾಲಿಸುವ ಏಲೆರಾನ್, ಎಲಿವೇಟರ್, ರಡ್ಡರ್‌ಗಳ ತೂಕದ ಸಮತೋಲನವನ್ನು ಪೇಂಟಿಗೆ ಮೊದಲು ನೋಡಿದಿರೋ, ಆಮೇಲೋ? ಪೇಂಟಿನ ಭಾರ ಹೆಚ್ಚಾಗಿ ಕೀಲಿನ ಹಿಂದೆ ಬೀಳುತ್ತದೆ. ಸಮತೋಲನ ತಪ್ಪಿದ ಭಾಗ ಜೋರು ವೇಗದಲ್ಲಿ ತಾನಾಗಿ ಪಟಪಟ ಬಡಿದುಕೊಳ್ಳಲು ಶುರು ಮಾಡಬಹುದು. ಇದನ್ನು ಫ್ಲಟರ್ ಅನ್ನುತ್ತಾರೆ, ಕ್ಷಣಗಳಲ್ಲೇ ಬಾಲ ಕಿತ್ತು ಹೋಗಬಹುದು. ಪೇಂಟ್ ಒಣಗಿದ ಮೇಲೆ ಮತ್ತೊಮ್ಮೆ ತೂಗಿ ನೋಡಲೇಬೇಕು.

ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಬಲ ಏಲೆರಾನ್ ಮೇಲೇಳಬೇಕು. ಹಿಂದಕ್ಕೆ ಎಳೆದರೆ ಎಲಿವೇಟರ್‌ನ ಹಿಂದಿನ ಅಂಚು ಮೇಲೇಳಬೇಕು. ಇಷ್ಟು ಸರಳ ವಿಷಯ ಯಾಕೆ ಹೇಳುತ್ತೀರಿ ಅನ್ನಬೇಡಿ, ಉಲ್ಟಾ ಜೋಡಿಸಿದ ತಂತಿಯಿಂದ ಅನುಭವಿಗಳೇ ಸತ್ತಿದ್ದಾರೆ. ಸ್ಟಿಕ್ಕಿನ ಭಾರ ಇಳಿಸುವ ಸಣ್ಣ ಟ್ರಿಮ್ ಪಟ್ಟಿಯಲ್ಲಿ ಇನ್ನೂ ಸುಲಭವಾಗಿ ತಪ್ಪಾಗುತ್ತದೆ, ಯಾಕೆಂದರೆ ಅದು ಎಲಿವೇಟರ್‌ಗೆ ವಿರುದ್ಧ ದಿಕ್ಕಿನಲ್ಲಿ ಚಲಿಸಬೇಕು. ಇದನ್ನು ನೀವೊಬ್ಬರೇ ನೋಡಿದರೆ ಸಾಲದು. ವರ್ಷಗಟ್ಟಲೆ ನೋಡಿದ ಬೋಲ್ಟು ನಿಮ್ಮ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಇಂಥ ವಿಮಾನ ಕಟ್ಟಿದ ಇನ್ನೊಬ್ಬರನ್ನು ಕರೆಯಿರಿ, ಮುಚ್ಚಳಗಳನ್ನೆಲ್ಲ ಬಿಚ್ಚಿಡಿ, ಅವರ ಕೈಗೆ ಟಾರ್ಚು, ಕನ್ನಡಿ ಕೊಟ್ಟು ನೀವು ದೂರ ಹೋಗಿ. ಪಕ್ಕದಲ್ಲಿ ನಿಂತು ವಿವರಿಸುತ್ತಾ ಹೋದರೆ ಅವರು ನಿಮ್ಮ ಕಣ್ಣಿನಿಂದಲೇ ನೋಡುತ್ತಾರೆ. ಪಿನ್ ಇಲ್ಲದ ನಟ್ಟು, ಬಿಗಿ ಮಾಡಿದ ಗುರುತಿಲ್ಲದ ಬೋಲ್ಟು, ಎಲ್ಲೋ ಉಜ್ಜುತ್ತಿರುವ ಪೈಪು, ಎಲ್ಲವನ್ನೂ ಅವರು ಬರೆದು ಕೊಡಲಿ.

ವೇಗದ ಮಾಪಕವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ, ಹಲಗೆಗೆ ಅಂಟಿಸಿ, ನೀರು ತುಂಬಿ. ಒಂದು ತುದಿಯನ್ನು ಮಾಪಕಕ್ಕೆ ಎದುರುಗಾಳಿಯ ಒತ್ತಡ ಒಯ್ಯುವ ಪಿಟೋ ಟ್ಯೂಬಿಗೆ ಸೇರಿಸಿ ತುಂಬಾ ನಿಧಾನವಾಗಿ ಒತ್ತಡ ಕೊಡಿ. ಎರಡು ಬದಿಯ ನೀರಿನ ಮಟ್ಟದ ಅಂತರ ಸುಮಾರು 60 ಮಿ.ಮೀ. ಆದಾಗ ಮಾಪಕ 60 ನಾಟ್, ಅಂದರೆ ಗಂಟೆಗೆ ಸುಮಾರು 111 ಕಿ.ಮೀ., ತೋರಿಸಬೇಕು. 100 ನಾಟ್‌ಗೆ ಸುಮಾರು 165 ಮಿ.ಮೀ. ಪೈಪನ್ನು ಹಿಸುಕಿ ಹಿಡಿದು ಒಂದು ನಿಮಿಷ ಕಾಯಿರಿ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಜೋರಾಗಿ ಊದಬೇಡಿ, ಮಾಪಕ ಹಾಳಾಗುತ್ತದೆ.

ಈಗ ನಿಮ್ಮ ಕೈಯ ವಿಷಯ. ನೀವೇ ಹಾರಿಸಬಹುದಾ? ಈಗಿನ ಸ್ಥಿತಿಯಲ್ಲಿ ಬೇಡ. ಎರಡು ವರ್ಷದಿಂದ ಸರಿಯಾಗಿ ಹಾರಿಸಿಲ್ಲ ಅಂತ ನೀವೇ ಬರೆದಿದ್ದೀರಿ. ಮೊದಲು ಶಿಕ್ಷಕರೊಬ್ಬರ ಜೊತೆ ನಿಮ್ಮದೇ ಮಾದರಿಯ ಇನ್ನೊಂದು ವಿಮಾನದಲ್ಲಿ, ಸಿಗದಿದ್ದರೆ ಅದರಷ್ಟೇ ಚುರುಕಾದ ವಿಮಾನದಲ್ಲಿ ಹಾರಿ. ಸ್ಟಾಲ್, ನಿಧಾನ ಹಾರಾಟ, ಎಂಜಿನ್ ಇಲ್ಲದೆ ಇಳಿಯುವುದು, ಅಡ್ಡಗಾಳಿಯಲ್ಲಿ ಇಳಿಯುವುದು, ಇವೆಲ್ಲ ಯೋಚಿಸದೆ ಬರುವವರೆಗೆ ಬಿಡಬೇಡಿ. ಅಷ್ಟಾದ ಮೇಲೂ ಮನಸ್ಸು ಅಳುಕಿದರೆ ಆ ಮಾದರಿಯಲ್ಲಿ ಪಳಗಿದವರ ಕೈಗೆ ಮೊದಲ ಹಾರಾಟ ಕೊಡಿ. ಕಟ್ಟಿದವರೇ ಮೊದಲು ಹಾರಿಸಬೇಕು ಅಂತ ಎಲ್ಲೂ ಇಲ್ಲ. ಕೆಲವು ಕಡೆ ಪರೀಕ್ಷೆಯ ಹಂತದಲ್ಲೇ ಜೊತೆಗೊಬ್ಬ ಅರ್ಹ ಪೈಲಟ್ ಕೂರಲು ಅವಕಾಶವಿದೆ, ಅಮೆರಿಕದಲ್ಲಿ 2014ರಿಂದ ಇದೆ. ನಿಮ್ಮ ದೇಶದ ನಿಯಮ ಕೇಳಿ ನೋಡಿ.

ಉದ್ದದ ರನ್‌ವೇ, ಸುತ್ತ ಬಯಲು ಇರುವ ಜಾಗ ಆರಿಸಿ, ಅದಕ್ಕಾಗಿ ವಿಮಾನವನ್ನು ಲಾರಿಯಲ್ಲಿ ಸಾಗಿಸಬೇಕಾಗಿ ಬಂದರೂ ಸರಿ. ರನ್‌ವೇ ಪಕ್ಕ ಒಂದು ಗುರುತು ಇಡಿ. ಅಲ್ಲಿಗೆ ಬರುವಷ್ಟರಲ್ಲಿ ಚಕ್ರ ನೆಲ ಬಿಡದಿದ್ದರೆ ಥ್ರಾಟಲ್ ಎಳೆಯುವುದು, ಯೋಚನೆಯೇ ಬೇಡ. ಏರುವಾಗ ಎಂಜಿನ್ ನಿಂತರೆ ಮೊದಲು ಮೂಗು ಬಗ್ಗಿಸಿ, ಎದುರಿಗೆ ಸಿಕ್ಕ ಜಾಗದಲ್ಲಿ ಇಳಿಯಿರಿ. ರನ್‌ವೇಗೆ ವಾಪಸ್ ತಿರುಗುವ ಆಸೆ ಬಹಳ ಜನರನ್ನು ಕೊಂದಿದೆ. 45 ಡಿಗ್ರಿ ವಾಲಿ ಎತ್ತರ ಬಿಡದೆ ತಿರುಗಿದರೆ ಸ್ಟಾಲ್ ವೇಗ ಸುಮಾರು 19 ಶೇಕಡಾ ಏರುತ್ತದೆ, 60 ಡಿಗ್ರಿಗೆ 41. ಇವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ತೊಡೆಗೆ ಕಟ್ಟಿಕೊಳ್ಳಿ: ಯಾವ ವೇಗ, ಯಾವ ಎತ್ತರ, ಆಯಿಲ್ ಒತ್ತಡ ಎಷ್ಟಕ್ಕಿಂತ ಇಳಿದರೆ ವಾಪಸ್, ಸಿಲಿಂಡರ್ ಬಿಸಿ ಎಷ್ಟು ದಾಟಿದರೆ ವಾಪಸ್. ನೆಲದಲ್ಲಿ ಇಬ್ಬರು ಸಾಕು. ಒಬ್ಬರ ಕೈಯಲ್ಲಿ ರೇಡಿಯೋ, ಇನ್ನೊಬ್ಬರ ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಬೆಲ್ಟ್ ಕುಯ್ಯಲು ಚಾಕು. ಹೊರಗಿನಿಂದ ಬಾಗಿಲು ತೆಗೆಯುವುದು, ಪೆಟ್ರೋಲ್ ಮುಚ್ಚುವುದು ಇಬ್ಬರಿಗೂ ಮಾಡಿ ತೋರಿಸಿ.

ನೆಂಟರನ್ನು, ಊರವರನ್ನು ಆ ದಿನ ಕರೆಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಜನ ಸೇರಿ, ಕ್ಯಾಮೆರಾ ಹಿಡಿದು ಕಾಯುತ್ತಿದ್ದರೆ, ಗಾಳಿ ಸ್ವಲ್ಪ ಜಾಸ್ತಿಯಾದರೂ, ಗೇಜ್ ಸ್ವಲ್ಪ ಅನುಮಾನ ಹುಟ್ಟಿಸಿದರೂ, ಇವತ್ತು ಬೇಡ ಅನ್ನಲು ಬಾಯಿ ಬರುವುದಿಲ್ಲ. ಸುಮ್ನೆ ಒಂದು ತಣ್ಣನೆಯ, ಗಾಳಿ ಇಲ್ಲದ ಬೆಳಗ್ಗೆ ಹೋಗಿ.

ಮೊದಲ ಹಾರಾಟದಲ್ಲಿ ಮಾಡಬೇಕಾದದ್ದು ಕಡಿಮೆ. ಏರಿ, ರನ್‌ವೇಗೆ ತೇಲಿ ಬರಬಹುದಾದ ದೂರದಲ್ಲೇ ಸುತ್ತುತ್ತಾ 3,000 ಅಡಿ ಮೇಲೆ ಹೋಗಿ. ಎಂಜಿನ್ ಬಿಸಿ, ಒತ್ತಡ ನೋಡಿ. ನಿಧಾನಕ್ಕೆ ವೇಗ ಇಳಿಸುತ್ತಾ, ಇಳಿಯುವಾಗ ರೆಕ್ಕೆಯ ಹಿಂದಿನ ಅಂಚಿನ ಫ್ಲ್ಯಾಪ್ ಎಷ್ಟು ಹಾಕುತ್ತೀರೋ ಅಷ್ಟೇ ಹಾಕಿ, ವಿಮಾನ ನಡುಗಲು ಶುರುವಾಗುವ ವೇಗವನ್ನು ನಿಮ್ಮ ಮಾಪಕದಲ್ಲಿ ಓದಿ. ಪೂರ್ತಿ ಸ್ಟಾಲ್ ಇವತ್ತು ಬೇಡ. ಅದು 48 ನಾಟ್ ತೋರಿಸಿದರೆ 1.3ರಿಂದ ಗುಣಿಸಿ, ಸುಮಾರು 62 ನಾಟ್‌ನಲ್ಲಿ ಇಳಿಯಲು ಬನ್ನಿ. ಮಾಪಕ ಸ್ವಲ್ಪ ಸುಳ್ಳು ಹೇಳುತ್ತಿದ್ದರೂ ಈ ಲೆಕ್ಕ ಹೆಚ್ಚುಕಮ್ಮಿ ಕಾಪಾಡುತ್ತದೆ, ಯಾಕೆಂದರೆ ಎರಡೂ ಅದೇ ಮಾಪಕದ ಅಂಕಿ. ಹಾರುವಾಗ ಬಾಗಿಲು ತೆರೆದುಕೊಂಡರೆ ಅದನ್ನು ಮುಚ್ಚಲು ಹೋಗಬೇಡಿ. ಸದ್ದು ಜೋರಾಗಿರುತ್ತದೆ, ಆದರೂ ಸಾಮಾನ್ಯವಾಗಿ ವಿಮಾನ ಹಾರುತ್ತಲೇ ಇರುತ್ತದೆ. ಸ್ಟಿಕ್ ಹಿಡಿದು ಬಂದು ಇಳಿಯಿರಿ.

ಇಳಿದ ಮೇಲೆ ಎಂಜಿನ್ ಮುಚ್ಚಳ ಬಿಚ್ಚಿ, ಸೋರಿಕೆ, ಸಡಿಲ ನಟ್ಟು, ಫಿಲ್ಟರ್ ನೋಡದೆ ಎರಡನೇ ಹಾರಾಟಕ್ಕೆ ಹೋಗಬೇಡಿ.

ತಮ್ಮನ ವಿಷಯಕ್ಕೆ ಬಂದರೆ, ಪರೀಕ್ಷೆ ಪೂರ್ತಿ ಮುಗಿಯುವವರೆಗೆ ಇಲ್ಲ. ಅಮೆರಿಕದಲ್ಲಿ ಈ ಹಂತ ವಾಡಿಕೆಯಾಗಿ 25 ಅಥವಾ 40 ಗಂಟೆ, ಪ್ರಮಾಣಿತ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿ ಇದೆಯೋ ಇಲ್ಲವೋ ಅನ್ನೋದರ ಮೇಲೆ. ಆದರೆ ಗಂಟೆ ತುಂಬಿಸಲು ಆಕಾಶದಲ್ಲಿ ಸುಮ್ಮನೆ ಸುತ್ತಬೇಡಿ. ಪ್ರತಿ ಹಾರಾಟಕ್ಕೂ ಒಂದು ಹಾಳೆ, ಒಂದು ಕೆಲಸ. ಪೂರ್ತಿ ಸ್ಟಾಲ್, ಯಾವ ವೇಗದಲ್ಲಿ ಚೆನ್ನಾಗಿ ಏರುತ್ತದೆ, ಗರಿಷ್ಠ ವೇಗದ ಕಡೆಗೆ ಸಣ್ಣ ಸಣ್ಣ ಹೆಜ್ಜೆ, ಹೀಗೆ. ತಮ್ಮ ಕೂರುವ ಸೀಟಿಗೆ ಮರಳಿನ ಚೀಲ ಬಿಗಿಯಾಗಿ ಕಟ್ಟಿ, 20 ಕೆಜಿ, 40 ಕೆಜಿ ಅಂತ ಏರಿಸುತ್ತಾ ಹೋಗಿ. ಸಾಮಾನಿನ ಜಾಗದ ಭಾರವನ್ನೂ ಹಾಗೇ ಸ್ವಲ್ಪ ಸ್ವಲ್ಪವಾಗಿ ಕೂಡಿಸಿ. ಅವನಷ್ಟೇ ಭಾರ, ಅವನ ಚೀಲದಷ್ಟೇ ಸಾಮಾನು ಹೊತ್ತು ವಿಮಾನ ಹೇಗೆ ಏರುತ್ತದೆ, ಹೇಗೆ ಸ್ಟಾಲ್ ಆಗುತ್ತದೆ, ಹೇಗೆ ಇಳಿಯುತ್ತದೆ ಅನ್ನೋದು ನಿಮ್ಮ ಹಾಳೆಗಳಲ್ಲಿ ಬರೆದಾಗಿದ್ದು, ನಿಯಮದ ಗಂಟೆಗಳೂ ಮುಗಿದಿದ್ದರೆ, ಚೀಲ ಇಳಿಸಿ ತಮ್ಮನನ್ನು ಕೂರಿಸಿಕೊಳ್ಳಿ.